ಓಡಿ ಹೋಗುವವನು, ತಿರುಗಿ ಬರುವವನು: ಕೊಲೆ ಮೊಕದ್ದಮೆಯ ಜಾಮೀನು ಆದೇಶವನ್ನು ಓದುವ ಬಗೆ

1

ವಿಮರ್ಶೆ ಎಂದರೆ ಕತೆ, ಕವಿತೆ, ಕಾದಂಬರಿಗಳ ಗುಣದೋಷ ಹೇಳುವ ಕೆಲಸ ಎಂದೇ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಕಾಲೇಜುಗಳು ಕಲಿಸಿದ್ದೂ ಅದನ್ನೇ. ಆದರೆ ಕೇರಿಯ ಬದುಕನ್ನು ಒಂದೇ ದಿನದಲ್ಲಿ ಮೇಲೆ ಕೆಳಗೆ ಮಾಡುವ ಬರಹ ಕವಿತೆಯಲ್ಲ. ಅದು ಠಾಣೆಯಲ್ಲಿ ಬರೆದುಕೊಂಡ ಫಿರ್ಯಾದಿ, ತಹಶೀಲ್ದಾರರ ನೋಟೀಸು, ನ್ಯಾಯಾಲಯದ ಆದೇಶ. ಇವಕ್ಕೂ ಒಂದು ಭಾಷೆ ಇದೆ, ಶೈಲಿ ಇದೆ, ಲೋಕವನ್ನು ನೋಡುವ ಒಂದು ಕಣ್ಣು ಇದೆ. ಕವಿಯ ಒಂದು ರೂಪಕವನ್ನು ಹಿಡಿದು ವರ್ಷಗಟ್ಟಲೆ ಜಗ್ಗಾಡುವ ನಾವು ಇವುಗಳ ಮುಂದೆ ಮಾತ್ರ ಕೈಕಟ್ಟಿ ನಿಲ್ಲುವುದು ಯಾಕೆ?

ಈ ಸಲ ನಾವು ಕೈಗೆತ್ತಿಕೊಂಡಿರುವುದು ಕೊಲೆ ಮೊಕದ್ದಮೆಗಳ ಜಾಮೀನು ಆದೇಶಗಳನ್ನು. ಯಾದಗಿರಿ, ಶಹಾಪುರ, ಸುರಪುರ ಠಾಣೆಗಳಲ್ಲಿ ದಾಖಲಾದ ಕೊಲೆಗಳು ಜಿಲ್ಲಾ ಸೆಷನ್ಸ್ ಕೋರ್ಟು ದಾಟಿ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಿ ಐದಾರು ಹಾಳೆಯ ಆದೇಶವಾಗಿ ಹೊರಗೆ ಬರುತ್ತವೆ. ಇವು ಗುಟ್ಟಿನ ಕಾಗದಗಳಲ್ಲ, ಯಾರು ಬೇಕಾದರೂ ಓದಬಹುದು. ನ್ಯಾಯಾಂಗ ನಿಂದನೆಯ ಹೆದರಿಕೆ ಇರುವ ಗೆಳೆಯರಿಗೆ ಒಂದು ಮಾತು: 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 5ನೇ ಕಲಮೇ, ತೀರ್ಮಾನವಾದ ಪ್ರಕರಣದ ಗುಣದೋಷಗಳ ಬಗ್ಗೆ ನ್ಯಾಯಯುತ ಟೀಕೆ ಮಾಡುವುದು ನಿಂದನೆಯಲ್ಲ ಎಂದು ಹೇಳಿದೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇವೆ. ಕೊಲೆ ಆರೋಪ ಹೊತ್ತವರಿಗೆಲ್ಲ ಜಾಮೀನು ಕೊಡಬೇಡಿ ಎಂಬುದು ನಮ್ಮ ವಾದವಲ್ಲ. ಆರೋಪ ಅಂದರೆ ಅಪರಾಧ ಅಲ್ಲ. ವಿಚಾರಣೆಯೇ ಮುಗಿಯದೆ ವರ್ಷಾನುಗಟ್ಟಲೆ ಜೈಲಿನಲ್ಲಿ ಕೊಳೆಯುವವರಲ್ಲಿ ನಮ್ಮ ಮಂದಿಯೂ ಇದ್ದಾರೆ, ಸುಳ್ಳು ಕೇಸಿನ ರುಚಿ ನಮ್ಮ ಕೇರಿಗಳಿಗೂ ಗೊತ್ತು. ಹೀಗಾಗಿ ಜೈಲಿನ ಬಾಗಿಲು ಮುಚ್ಚಿದಷ್ಟೂ ಒಳ್ಳೆಯದು ಎಂದು ಕುಣಿಯುವವರ ಸಾಲಿಗೆ ನಾವು ಸೇರಲಾರೆವು. ಆ ಬಾಗಿಲು ಯಾವ ಕೀಲಿಯಿಂದ ತೆರೆಯುತ್ತದೆ, ಆ ಕೀಲಿ ಯಾರ ಉಡಿಯಲ್ಲಿದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

2

ಮೊದಲು ದಾರಿ ತಿಳಿಯೋಣ. ಕೊಲೆ ಆರೋಪಿಯನ್ನು ಮೊದಲು ಕರೆದೊಯ್ಯುವುದು ಮ್ಯಾಜಿಸ್ಟ್ರೇಟರ ಮುಂದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಾಗಬಹುದಾದ ಅಪರಾಧವನ್ನು ಆರೋಪಿ ಮಾಡಿದ್ದಾನೆಂದು ನಂಬಲು ಕಾರಣವಿದ್ದರೆ ಮ್ಯಾಜಿಸ್ಟ್ರೇಟರು ಬಿಡುವಂತಿಲ್ಲ. ಹೆಂಗಸರು, ಮಕ್ಕಳು, ರೋಗಿಗಳು, ನಿತ್ರಾಣರು ಆಗಿದ್ದರೆ ಮಾತ್ರ ಬಿಡಬಹುದು. ಹಾಗಾಗಿ ಅರ್ಜಿ ಯಾದಗಿರಿಯ ಸೆಷನ್ಸ್ ಕೋರ್ಟಿಗೆ ಬರುತ್ತದೆ. ಅಲ್ಲಿ ವಜಾ ಆದರೆ ಕಲಬುರಗಿಗೆ. ಹಿಂದೆ ಇದು 1973ರ ದಂಡ ಪ್ರಕ್ರಿಯಾ ಸಂಹಿತೆಯ 437 ಮತ್ತು 439ನೇ ಕಲಮು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480 ಮತ್ತು 483ನೇ ಕಲಮು. ಕೊಲೆಯ 302 ಹೋಗಿ ಭಾರತೀಯ ನ್ಯಾಯ ಸಂಹಿತೆಯ 103 ಬಂದಿದೆ. ಅಂಕಿ ಬದಲಾಗಿದೆ, ದಾರಿ ಬದಲಾಗಿಲ್ಲ.

ಒಂದು ಕಾಲಕ್ಕೆ ಈ ಭಾಗದವರು ಸೆಷನ್ಸ್ ಕೋರ್ಟಿಗೆ ಗುಲಬರ್ಗಾಕ್ಕೆ, ಹೈಕೋರ್ಟಿಗೆ ಹತ್ತಿರ ಹತ್ತಿರ 500 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕಿತ್ತು. 2008ರಲ್ಲಿ ಗುಲಬರ್ಗಾಕ್ಕೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. 2009ರ ಕೊನೆಗೆ ಯಾದಗಿರಿ ಜಿಲ್ಲೆಯಾಯಿತು. ನ್ಯಾಯ ಹತ್ತಿರ ಬಂತು ಎಂದು ನಾವೂ ಖುಷಿಪಟ್ಟೆವು. ಆದರೆ ಹತ್ತಿರ ಬಂದದ್ದು ಯಾರಿಗೆ? ಜಾಮೀನು ಅರ್ಜಿಯಲ್ಲಿ ವಕೀಲನನ್ನು ಹಿಡಿದು ಕಲಬುರಗಿಗೆ ಹೋಗುವವನು ಆರೋಪಿ. ಸತ್ತವನ ಹೆಂಡತಿ ಆ ದಿನ ಹೊಲದಾಗ ಕಳೆ ತೆಗೀತಾ ಇರತಾಳ. ಅವತ್ತು ಅರ್ಜಿ ವಿಚಾರಣೆಗಿದೆ ಅನ್ನುವುದೇ ಆಕೆಗೆ ಗೊತ್ತಿರುವುದಿಲ್ಲ.

ಇನ್ನು ತಕ್ಕಡಿಯ ಬೊಟ್ಟುಗಳು. ಜಾಮೀನು ಕೊಡುವಾಗ ಏನೇನು ನೋಡಬೇಕು ಎಂದು ಸುಪ್ರೀಂ ಕೋರ್ಟು ಹಲವು ಸಲ ಪಟ್ಟಿ ಮಾಡಿದೆ. 2010ರ ಪ್ರಶಾಂತಕುಮಾರ ಸರ್ಕಾರ್ ಪ್ರಕರಣದ ಪಟ್ಟಿಯನ್ನು ಕೋರ್ಟುಗಳು ಹೆಚ್ಚಾಗಿ ಎತ್ತಿ ಹೇಳುತ್ತವೆ. ಅದರಲ್ಲಿ ಎಂಟು ಅಂಶಗಳಿವೆ: ಆರೋಪ ನಂಬುವುದಕ್ಕೆ ಮೇಲ್ನೋಟದ ಆಧಾರ ಇದೆಯೇ, ಆರೋಪ ಎಷ್ಟು ಗಂಭೀರ, ಶಿಕ್ಷೆ ಎಷ್ಟು ಕಠಿಣ, ಆರೋಪಿ ಓಡಿ ಹೋಗುವ ಅಪಾಯ ಇದೆಯೇ, ಅವನ ನಡತೆ, ಅನುಕೂಲ, ಸ್ಥಾನಮಾನ ಏನು, ಮತ್ತೆ ಅಪರಾಧ ಮಾಡುವ ಸಂಭವ ಇದೆಯೇ, ಸಾಕ್ಷಿಗಳ ಮೇಲೆ ಪ್ರಭಾವ ಬೀರುವ ಭಯ ಇದೆಯೇ, ಜಾಮೀನಿನಿಂದ ನ್ಯಾಯವೇ ದಾರಿ ತಪ್ಪುವುದೇ. 2019ರಲ್ಲಿ ಇದೇ ಕೋರ್ಟು ಮಹಿಪಾಲ್ ಪ್ರಕರಣದಲ್ಲಿ, ಇವನ್ನು ತೂಗಿ ನೋಡಿದ್ದಕ್ಕೆ ಆದೇಶದಲ್ಲಿ ಕಾರಣ ಬರೆಯಲೇಬೇಕು ಎಂದಿತು.

ಪಟ್ಟಿ ಒಳ್ಳೆಯದೇ. ಆದರೆ ಈ ಎಂಟರಲ್ಲಿ ನಾಲ್ಕನೆಯದನ್ನೂ ಏಳನೆಯದನ್ನೂ ನಮ್ಮ ಓದುಗರು ನೆನಪಿಟ್ಟುಕೊಳ್ಳಬೇಕು. ನಾಲ್ಕನೆಯದು ಓಡಿ ಹೋಗುವ ಅಪಾಯ, ಏಳನೆಯದು ಸಾಕ್ಷಿಗಳ ಭಯ. ನಮ್ಮ ವಿಮರ್ಶೆ ನಿಂತಿರುವುದು ಇವೆರಡರ ನಡುವೆ.

3

ಈಗ ಆದೇಶವನ್ನು ಕೈಗೆತ್ತಿಕೊಳ್ಳೋಣ. ಮೊದಲ ಹಾಳೆಯಲ್ಲಿ ಅರ್ಜಿದಾರನ ಹೆಸರು, ಅಪ್ಪನ ಹೆಸರು, ವಯಸ್ಸು, ಉದ್ಯೋಗ, ಸಾಕೀನ್ ಊರು, ತಾಲ್ಲೂಕು, ಜಿಲ್ಲೆ. ಉದ್ಯೋಗದ ಮುಂದೆ ಬಹುಮಟ್ಟಿಗೆ ಎರಡೇ ಮಾತು: 'ಒಕ್ಕಲುತನ', ಇಲ್ಲವೆ 'ಕೂಲಿ'. ಇಡೀ ಸಮಾಜಶಾಸ್ತ್ರ ಈ ಒಂದು ಶಬ್ದದಲ್ಲಿ ಅಡಗಿದೆ. ಅವನ ಎದುರಿಗೆ ಕರ್ನಾಟಕ ರಾಜ್ಯ, ಶಹಾಪುರ ಅಥವಾ ಸುರಪುರ ಪೊಲೀಸ್ ಠಾಣೆಯ ಮೂಲಕ. ಸತ್ತವನ ಹೆಸರು ಈ ಹಾಳೆಯ ಮೇಲೆ ಇರುವುದಿಲ್ಲ. ಒಳಗೆ ಒಂದು ಸಲ ಬಂದು, ಆಮೇಲೆ ಕೊನೆತನಕ ಅವನು 'ಮೃತ'. ಅವನ ವಯಸ್ಸು, ಉದ್ಯೋಗ, ಮಕ್ಕಳೆಷ್ಟು ಎಂಬುದಕ್ಕೆ ಈ ಗದ್ಯದಲ್ಲಿ ಜಾಗವಿಲ್ಲ. ಅರ್ಜಿದಾರ ಮನೆಗೆ ಒಬ್ಬನೇ ದುಡಿಯುವವನು ಎಂಬ ವಾದಕ್ಕೆ ಮಾತ್ರ ಜಾಗ ಇರುತ್ತದೆ. ಸತ್ತವನೂ ಅವನ ಮನೆಗೆ ಒಬ್ಬನೇ ದುಡಿಯುವವನಾಗಿದ್ದನೋ ಏನೋ!

ಮುಂದೆ ಪ್ರಕರಣದ ಸಂಕ್ಷಿಪ್ತ ಕತೆ. 'ಹಳೆಯ ದ್ವೇಷ', 'ಕ್ಷುಲ್ಲಕ ಕಾರಣಕ್ಕೆ ಜಗಳ', 'ಮಾತಿಗೆ ಮಾತು ಬೆಳೆದು' ಎಂಬಂಥ ಮಾತುಗಳು ಇಲ್ಲಿ ಬರುತ್ತವೆ. ಯಾವುದು ಕ್ಷುಲ್ಲಕ? ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಶಹಾಪುರ, ಸುರಪುರದ ಸೀಮೆಯಲ್ಲಿ ಒಂದು ಮೊಳ ಬದುವೂ ಕ್ಷುಲ್ಲಕವಲ್ಲ. ಹೋಟೆಲಿನಲ್ಲಿ ಯಾವ ಗ್ಲಾಸಿನಲ್ಲಿ ಚಹಾ ಕೊಟ್ಟರು, ದೇವರ ಜಾತ್ರೆಯಲ್ಲಿ ಯಾರು ಎಲ್ಲಿ ನಿಂತರು, ಯಾವ ಹುಡುಗ ಯಾವ ಹುಡುಗಿಯ ಸಂಗಡ ಮಾತಾಡಿದ ಎಂಬುದೂ ಕ್ಷುಲ್ಲಕವಲ್ಲ. ಇಂಥದ್ದರ ಬೇರು ಜಾತಿಯಲ್ಲೂ ಭೂಮಿಯಲ್ಲೂ ಇರುತ್ತದೆ. 'ಕ್ಷುಲ್ಲಕ' ಎಂದು ಬರೆದ ಕೂಡಲೇ ಆ ಬೇರು ಕತ್ತರಿಸಿ ಹೋಗುತ್ತದೆ. ಉಳಿಯುವುದು ಇಬ್ಬರು ಮನುಷ್ಯರ ಸಿಟ್ಟು ಮಾತ್ರ. ಸಿಟ್ಟು ಇಳಿಯಿತು ಎಂದ ಮೇಲೆ ಅಪಾಯವೂ ಮುಗಿಯಿತು ಎನ್ನಲು ಸುಲಭ.

ಆಮೇಲೆ ವಕೀಲರ ವಾದ. ಆರೋಪಿಯ ಕಡೆಯ ವಾದಕ್ಕೆ ತುಂಬು ಪುಟ. ದೂರು ಕೊಡಲು ತಡವಾಗಿದೆ. ಅರ್ಜಿದಾರ ಹೊಡೆದ ಎಂದು ಬಿಡಿಯಾಗಿ ಹೇಳಿಲ್ಲ, ಗುಂಪಿನ ಮೇಲೆ ಒಟ್ಟಾಗಿ ಆರೋಪ ಮಾಡಿದ್ದಾರೆ. ಕೊಡಲಿ, ಬಡಿಗೆ ಜಪ್ತಿಯಾಗಿವೆ. ಜೊತೆಯ ಆರೋಪಿಗೆ ಆಗಲೇ ಜಾಮೀನು ಸಿಕ್ಕಿದೆ. ದೋಷಾರೋಪ ಪಟ್ಟಿ ಸಲ್ಲಿಸಿಯಾಗಿದೆ, ಇನ್ನು ಪೊಲೀಸರಿಗೆ ಇವನಿಂದ ಆಗಬೇಕಾದ್ದೇನೂ ಇಲ್ಲ. ಅರ್ಜಿದಾರ ಊರಿನ ಖಾಯಂ ನಿವಾಸಿ, ಸ್ಥಿರಾಸ್ತಿ ಉಳ್ಳವನು, ಓಡಿ ಹೋಗುವವನಲ್ಲ. ಸರ್ಕಾರಿ ವಕೀಲರ ವಾದ ಎರಡು ವಾಕ್ಯ: ಅಪರಾಧ ಘೋರವಾದದ್ದು, ಬಿಟ್ಟರೆ ಸಾಕ್ಷಿಗಳನ್ನು ಹೆದರಿಸುತ್ತಾನೆ.

ಇವುಗಳಲ್ಲಿ ಕೆಲವು ನ್ಯಾಯವಾದ ಕಾರಣಗಳೇ. ಹತ್ತು ಜನರ ಹೆಸರು ಸೇರಿಸಿ ಬರೆಸಿದ ದೂರಿನಲ್ಲಿ ನಿಜವಾಗಿ ಕೈ ಎತ್ತಿದವನು ಒಬ್ಬ, ದೂರ ನಿಂತವನು ಒಬ್ಬ ಇರಬಹುದು. ಯಾರು ಏನು ಮಾಡಿದರೆಂದು ಕೋರ್ಟು ಬಿಡಿಸಿ ನೋಡುವುದು ಸರಿ. ಆದರೆ ಕೆಲವು ಕಾರಣಗಳು ಪೊಳ್ಳು. ದೂರು ತಡವಾಯಿತು ಎಂಬುದನ್ನೇ ನೋಡಿ. ಊರ ಗೌಡನ ಮೇಲೆ ದೂರು ಕೊಡಬೇಕಾದವನು ಹೆಣದ ಮುಂದೆ ಕೂತು, ನಾಳೆ ಈ ಊರಲ್ಲಿ ಬದುಕುವುದು ಹೆಂಗ ಎಂದು ಯೋಚಿಸುವುದಕ್ಕೆ ಒಂದು ರಾತ್ರಿಯಾದರೂ ಬೇಕು. ಆ ರಾತ್ರಿಯನ್ನು ಅನುಮಾನದ ಕಾರಣವಾಗಿ ಓದುವುದು ಓದೇ ಅಲ್ಲ.

ದೋಷಾರೋಪ ಪಟ್ಟಿಯ ಮಾತೂ ಹೀಗೆಯೇ. 2017ರಲ್ಲಿ ಕರ್ನಾಟಕದಿಂದಲೇ ಹೋದ ಒಂದು ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ನೇರವಾಗಿ ತಳ್ಳಿಹಾಕಿತು. ದೋಷಾರೋಪ ಪಟ್ಟಿ ಸಲ್ಲಿಸಿದ್ದರಿಂದ ಆರೋಪದ ಭಾರ ಕಡಿಮೆಯಾಗುವುದಿಲ್ಲ. ತನಿಖೆ ಮಾಡಿ, ಆಧಾರ ಸಿಕ್ಕಿತೆಂದೇ ಅದನ್ನು ಸಲ್ಲಿಸಿದ್ದಾರೆ ಎಂಬುದು ಅದರ ತಾತ್ಪರ್ಯ. ಆದರೂ ಈ ಮಾತು ಅರ್ಜಿಗಳಿಂದ ಆದೇಶಗಳಿಗೆ ಹರಿಯುತ್ತಲೇ ಇದೆ. ಶೈಲಿಯ ಚಟ ಬೇಗ ಬಿಡುವುದಿಲ್ಲ. ಕವಿಗಳಲ್ಲೂ ಇದನ್ನು ಕಂಡಿದ್ದೇವೆ.

4

'ಖಾಯಂ ನಿವಾಸಿ, ಸ್ಥಿರಾಸ್ತಿ ಉಳ್ಳವನು.' ಈ ಗದ್ಯದ ಮುಖ್ಯ ರೂಪಕ ಇದು. ಮನುಷ್ಯನಿಗೆ ಊರಿನಲ್ಲಿ ಬೇರು ಇದ್ದರೆ ಅವನು ವಿಚಾರಣೆಗೆ ಬಂದೇ ಬರುತ್ತಾನೆ ಎಂಬ ತಿಳುವಳಿಕೆ ಇದರ ಹಿಂದಿದೆ. ಬೇರು ಅಂದರೆ ಏನು? ಹೆಂಡತಿ ಮಕ್ಕಳು, ಬಂಧು ಬಳಗ, ದುಡಿಮೆ ಎಲ್ಲವೂ ಬೇರೇ. ಆದರೆ ಕೋರ್ಟಿನ ಕಟಕಟೆಯಲ್ಲಿ ಬೇರಿಗೆ ಇರುವ ಪುರಾವೆ ಒಂದೇ. ಅದು ಪಹಣಿ.

ಯಾದಗಿರಿ ಜಿಲ್ಲೆಯಲ್ಲಿ ಬಡವನ ಬೇರು ಎಲ್ಲಿದೆ? ಮುಂಗಾರು ಮುಗಿದರೆ ಕೇರಿಯ ಅರ್ಧ ಮನೆಗಳಿಗೆ ಬೀಗ. ಬೆಂಗಳೂರಿನ ಕಟ್ಟಡಗಳಿಗೆ, ಪುಣೆ, ಮುಂಬಯಿಗೆ ಗುಳೆ. ಈ ಮನುಷ್ಯನ ಮೇಲೆ ಆರೋಪ ಬಂದರೆ ಅವನು 'ಓಡಿ ಹೋಗುವ ಸಂಭವ ಇರುವವನು'. ಹೊಟ್ಟೆಗಾಗಿ ಊರು ಬಿಟ್ಟದ್ದೇ ಅವನ ವಿರುದ್ಧದ ಸಾಕ್ಷಿ. ಕಾಲುವೆ ಕೆಳಗೆ ಇಪ್ಪತ್ತು ಎಕರೆ ಗದ್ದೆ ಉಳ್ಳವನು ಎಲ್ಲಿಗೂ ಓಡಿ ಹೋಗುವುದಿಲ್ಲ. ಖರೇ ಮಾತು. ಅವನು ಯಾಕೆ ಓಡಿ ಹೋಗಬೇಕು? ಅವನು ಊರಿಗೇ ತಿರುಗಿ ಬರುತ್ತಾನೆ. ಸತ್ತವನ ಕಡೆಯ ಸಾಕ್ಷಿ ಅವನ ಹೊಲದಲ್ಲೇ ಕೂಲಿ ಮಾಡಬೇಕು, ಅವನ ಹತ್ತಿರವೇ ಮಗಳ ಮದುವೆಗೆ ಸಾಲ ಮಾಡಿರಬೇಕು, ಅವನ ಮನೆ ಮುಂದಿನ ದಾರಿಯಲ್ಲೇ ನೀರಿಗೆ ಹೋಗಬೇಕು.

ಕೋರ್ಟು ಕೇಳುತ್ತದೆ: ಇವನು ಓಡಿ ಹೋಗುತ್ತಾನೆಯೇ?
ಕೇರಿ ಕೇಳುತ್ತದೆ: ಅಂವ ತಿರುಗಿ ಊರಿಗಿ ಬರ್ತಾನೇನ್ರಿ?

ಈ ಎರಡು ಪ್ರಶ್ನೆಗಳ ನಡುವಿನ ಅಂತರವೇ ನಾವು ಹೇಳಬೇಕೆಂದಿರುವ ಮಾತು. ಯಾವ ಭೂಮಿ ಆರೋಪಿ ಓಡಿ ಹೋಗಲಾರ ಎಂಬುದಕ್ಕೆ ಖಾತ್ರಿಯೋ, ಅದೇ ಭೂಮಿ ಸಾಕ್ಷಿಯ ಕೊರಳಿಗೆ ಬಿದ್ದ ಹಗ್ಗ. ಎಂಟರ ಪಟ್ಟಿಯಲ್ಲಿ ನಾಲ್ಕನೆಯ ಅಂಶಕ್ಕೆ ಪರವಾಗಿ ನಿಂತ ಆಸ್ತಿಯನ್ನು ಏಳನೆಯ ಅಂಶಕ್ಕೆ ವಿರುದ್ಧವಾಗಿಯೂ ತೂಗಬೇಕು. ನಾವು ಓದಿದ ಆದೇಶಗಳಲ್ಲಿ ಈ ಎರಡನೆಯ ತೂಕ ಕಾಣುವುದು ಅಪರೂಪ. ಏಳನೆಯ ಅಂಶ ಆದೇಶದ ಕೊನೆಯಲ್ಲಿ ಒಂದು ಷರತ್ತಾಗಿ ಬಂದು ಕೂರುತ್ತದೆ: 'ಅರ್ಜಿದಾರನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಸಾಕ್ಷಿಗಳನ್ನು ಬೆದರಿಸತಕ್ಕದ್ದಲ್ಲ.' ಬೆದರಿಸುವುದಕ್ಕೆ ಬಾಯಿ ತೆರೆಯಲೇಬೇಕೇ? 2024ರಲ್ಲಿ, ಹಿಂದೆ ಸುರಪುರಕ್ಕೇ ಸೇರಿದ್ದ ಹುಣಸಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೇಲ್ಜಾತಿಯ ಯುವಕನ ಮೇಲೆ ದೂರು ಕೊಟ್ಟರೆಂದು ಇಡೀ ದಲಿತ ಕೇರಿಗೆ ಬಹಿಷ್ಕಾರ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅಂಗಡಿಯಲ್ಲಿ ಸಾಮಾನು ಇಲ್ಲ, ಮಕ್ಕಳಿಗೆ ಪೆನ್ನು ನೋಟುಬುಕ್ಕು ಕೂಡ ಇಲ್ಲ. ಅದು ಕೊಲೆ ಕೇಸಲ್ಲ. ಆದರೆ 'ಪರೋಕ್ಷವಾಗಿ' ಎಂಬ ಶಬ್ದದ ಅರ್ಥ ಏನೆಂದು ಅದಕ್ಕಿಂತ ಚೆನ್ನಾಗಿ ಯಾವ ನಿಘಂಟೂ ಹೇಳಲಾರದು.

ತಪ್ಪನ್ನೆಲ್ಲ ನ್ಯಾಯಾಧೀಶರ ಮೇಲೆ ಹೊರಿಸುವುದೂ ಸರಿಯಲ್ಲ. ಅವರು ತಮ್ಮ ಮುಂದೆ ಇಟ್ಟದ್ದನ್ನು ನೋಡಿ ಬರೆಯುತ್ತಾರೆ. 'ಸಾಕ್ಷಿಗಳನ್ನು ಹೆದರಿಸುತ್ತಾನೆ' ಎಂದು ಎಲ್ಲ ಕೇಸಿಗೂ ಒಂದೇ ವಾಕ್ಯ ಬರೆದುಕೊಟ್ಟರೆ ಅದಕ್ಕೆ ತೂಕ ಎಲ್ಲಿಂದ ಬರಬೇಕು? ಯಾವ ಸಾಕ್ಷಿ, ಅವನು ಯಾರ ಹೊಲದಾಗ ದುಡೀತಾನ, ಅವನ ಮನೆಗೂ ಆರೋಪಿಯ ಮನೆಗೂ ಎಷ್ಟು ಹೆಜ್ಜೆ, ಕೊಲೆಯಾದ ಮೇಲೆ ಯಾರು ಯಾರು ಬಂದು ರಾಜಿ ಮಾತಾಡಿದರು ಎಂದು ತನಿಖಾಧಿಕಾರಿ ಬರೆದುಕೊಡಬೇಕು, ಸರ್ಕಾರಿ ವಕೀಲರು ಓದಿ ಹೇಳಬೇಕು. ಆ ವಿವರ ಕಡತದಲ್ಲೇ ಇಲ್ಲದಿದ್ದರೆ ಆದೇಶದಲ್ಲಿ ಹುಡುಕಿ ಫಲವಿಲ್ಲ.

5

ಇದೇ ಪಹಣಿ ಇನ್ನೊಂದು ಕಡೆಯಿಂದಲೂ ನಮ್ಮನ್ನು ಹೊಡೆಯುತ್ತದೆ. ಕೂಲಿಯವನಿಗೆ ಜಾಮೀನು ಸಿಕ್ಕಿತು ಅನ್ನಿ. ಐವತ್ತು ಸಾವಿರವೋ ಒಂದು ಲಕ್ಷವೋ ಬಾಂಡು, ಅಷ್ಟೇ ಮೊತ್ತಕ್ಕೆ ಇಬ್ಬರು ಜಾಮೀನುದಾರರು. ಜಾಮೀನುದಾರ ಪಹಣಿ ತರಬೇಕು. ಹೊಲ ಇಲ್ಲದವನ ಬಳಗಕ್ಕೂ ಹೊಲ ಇರುವುದಿಲ್ಲ. ಹೊಲ ಇದ್ದವನ ಮನೆ ಬಾಗಿಲಿಗೆ ಹೋಗಿ ನಿಲ್ಲಬೇಕು, ಅವನು ಸುಮ್ಮನೆ ಸಹಿ ಹಾಕುವುದಿಲ್ಲ. ಜೀತ ಕಾನೂನಿನ ಪುಸ್ತಕದಿಂದ ಹೋಗಿದ್ದರೂ ಜಾಮೀನಿನ ಋಣದ ಹೆಸರಿನಲ್ಲಿ ತಿರುಗಿ ಬರುವುದಕ್ಕೆ ಎಷ್ಟು ಹೊತ್ತು?

ಈ ಅನ್ಯಾಯ ಇವತ್ತು ಕಂಡುಹಿಡಿದದ್ದಲ್ಲ. 1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದ್ದರು. ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅದನ್ನೂ ಒಪ್ಪಿರಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಟೀಕಿಸಿ, 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಅವನನ್ನು ಬಿಡಿಸಿದರು. ಮರುವರ್ಷ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳ ವಿಚಾರಣಾಧೀನ ಕೈದಿಗಳ ಸ್ಥಿತಿ ದೇಶಕ್ಕೆ ತಿಳಿಯಿತು. ನಲವತ್ತೈದು ವರ್ಷ ಕಳೆದ ಮೇಲೆ, 2023ರ ಜನವರಿ 31ರಂದು, ಅದೇ ಕೋರ್ಟು ಮತ್ತೆ ನಿರ್ದೇಶನ ಕೊಡಬೇಕಾಯಿತು. ಜಾಮೀನು ಸಿಕ್ಕಿ ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಲ್ಲಿ ಬಾಂಡು ಕೊಡಲಾಗದಿದ್ದರೆ ಕೋರ್ಟು ತಾನಾಗಿ ಷರತ್ತು ಸಡಿಲಿಸಬಹುದೇ ಎಂದು ನೋಡಬೇಕು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟ ಬೇಡ. ಈ ಮಾತು ಎಷ್ಟು ಮಂದಿ ಕೈದಿಗಳ ಮನೆಯವರಿಗೆ ಗೊತ್ತಿದೆ?

ಇನ್ನೊಂದು ಸಂಗತಿ. ಶಿಕ್ಷೆಯ ಅರ್ಧ ಅವಧಿ ಜೈಲಿನಲ್ಲೇ ಕಳೆದ ವಿಚಾರಣಾಧೀನ ಕೈದಿಯನ್ನು ಬಿಡಬೇಕೆಂಬ ನಿಯಮ ಕೊಲೆ ಆರೋಪಿಗೆ ಅನ್ವಯಿಸುವುದಿಲ್ಲ. ಹಳೆಯ 436-ಎ ಕಲಮಿನಲ್ಲೂ ಇಲ್ಲ, ಹೊಸ 479ರಲ್ಲೂ ಇಲ್ಲ. ಕೊಲೆ ಕೇಸಿನ ಬಡ ಆರೋಪಿಗೆ ಇರುವ ಖಾತ್ರಿ ಒಂದೇ: 90 ದಿನದೊಳಗೆ ದೋಷಾರೋಪ ಪಟ್ಟಿ ಬರದಿದ್ದರೆ ಜಾಮೀನು ಅವನ ಹಕ್ಕು. ಅದು ಬಂದುಬಿಟ್ಟರೆ ಅವನ ಪಾಡು ವಕೀಲನ ಫೀಜಿಗೆ ಬಿಟ್ಟದ್ದು.

6

ಸತ್ತವರ ಮನೆಯವರಿಗೆ ಕಾನೂನಿನಲ್ಲಿ ಬಾಯಿ ಇಲ್ಲವೇ? ಇದೆ, ಹೋರಾಟದಿಂದ ಬಂದಿದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ 15-ಎ ಕಲಮನ್ನು ಸೇರಿಸಿತು. ಜಾಮೀನು ಅರ್ಜಿಯೂ ಸೇರಿ ಎಲ್ಲ ಕಲಾಪದ ಬಗ್ಗೆ ಬಾಧಿತರಿಗೆ ಸಕಾಲದಲ್ಲಿ ತಿಳಿಸಬೇಕು, ಅವರ ಮಾತು ಕೇಳಬೇಕು. 2021ರಲ್ಲಿ ಹರಿರಾಮ್ ಭಾಂಭಿ ಪ್ರಕರಣದಲ್ಲಿ, ರಾಜಸ್ಥಾನದ ಒಂದು ಕೊಲೆ ಕೇಸಿನಲ್ಲಿ, ಬಾಧಿತರಿಗೆ ನೋಟೀಸು ಕೊಡದೆ ಹೈಕೋರ್ಟು ನೀಡಿದ್ದ ಜಾಮೀನನ್ನು ಸುಪ್ರೀಂ ಕೋರ್ಟು ರದ್ದು ಮಾಡಿತು. ಇದು ಶಿಷ್ಟಾಚಾರವಲ್ಲ, ಕಡ್ಡಾಯ ಎಂದಿತು. 2022ರ ಏಪ್ರಿಲ್‌ನಲ್ಲಿ ಲಖಿಂಪುರ ಖೇರಿ ಪ್ರಕರಣದಲ್ಲಿ, ಯಾವುದೇ ಜಾತಿಯ ಬಾಧಿತರಿಗೂ ಜಾಮೀನಿನ ಹಂತದಲ್ಲಿ ಮಾತಾಡುವ ಹಕ್ಕಿದೆ ಎಂದಿತು.

ನಮ್ಮ ಕಡೆಗೆ ಈ ಎರಡನೆಯ ತೀರ್ಪು ಬಹಳ ಮುಖ್ಯ. ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುವುದು ಆರೋಪಿ ಪರಿಶಿಷ್ಟ ಜಾತಿ ಅಥವಾ ಪಂಗಡದವನು ಅಲ್ಲದಿದ್ದಾಗ ಮಾತ್ರ. ಸುರಪುರದಂಥ ಸೀಮೆಯಲ್ಲಿ, ಪರಿಶಿಷ್ಟರ ಪಟ್ಟಿಯೊಳಗೇ ಭೂಮಿ ಉಳ್ಳವರೂ ಇಲ್ಲದವರೂ, ಊರ ಯಜಮಾನಿಕೆ ಮಾಡುವವರೂ ಕೇರಿಯಲ್ಲಿ ಬಾಯಿ ಮುಚ್ಚಿಕೊಂಡು ಇರುವವರೂ ಇದ್ದಾರೆ. ಇದನ್ನು ಯಾವ ಜಾತಿಯ ಮೇಲಿನ ದೂರಾಗಿಯೂ ಹೇಳುತ್ತಿಲ್ಲ. ಕೊಂದವನೂ ಸತ್ತವನೂ ಪಟ್ಟಿಯೊಳಗೇ ಇದ್ದರೆ 15-ಎ ಕಲಮಿನ ರಕ್ಷಣೆ ಸಿಗುವುದಿಲ್ಲ. ಆಗ ಹಿಡಿದುಕೊಳ್ಳಬೇಕಾದ್ದು 2022ರ ತೀರ್ಪನ್ನು ಎಂಬುದಷ್ಟೇ ನಮ್ಮ ಮಾತು.

7

ಜಾಮೀನಿಗೂ ಸಾಕ್ಷಿ ನುಡಿಯುವ ದಿನಕ್ಕೂ ನಡುವೆ ಇರುವ ಕಾಲದಲ್ಲಿ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿ ಉದಾಹರಣೆ ಹುಡುಕಬೇಕಾಗಿಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ಒಬ್ಬೊಬ್ಬರಾಗಿ ಹೇಳಿಕೆ ತಿರುಗಿಸಿದರು. 2006ರಲ್ಲಿ ಎಲ್ಲ ಆರೋಪಿಗಳೂ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಏಳು ಜನ ಸತ್ತದ್ದು ಖರೆ, ಕೊಂದವರು ಯಾರೂ ಇಲ್ಲ. ಇದಕ್ಕೆ ಜಾಮೀನೊಂದೇ ಕಾರಣ ಎಂದು ನಾವು ಹೇಳುವುದಿಲ್ಲ. ಆರು ವರ್ಷ ಆ ಸಾಕ್ಷಿಗಳು ಎಲ್ಲಿ ಮಲಗಿದರು, ಏನು ಉಂಡರು, ಯಾರ ಮುಖ ನೋಡಿ ಬದುಕಿದರು ಎಂದು ಯಾವ ಆದೇಶವೂ ಕೇಳಲಿಲ್ಲ ಎಂಬುದೇ ನಮ್ಮ ದೂರು.

ಗೌರಿ ಲಂಕೇಶ್ ಅವರನ್ನು ಕೊಂದದ್ದು 2017ರ ಸೆಪ್ಟೆಂಬರ್ 5ರಂದು. ಆರೋಪಿಗಳಲ್ಲಿ ಒಬ್ಬನಿಗೆ ಹೈಕೋರ್ಟು 2023ರ ಡಿಸೆಂಬರ್‌ನಲ್ಲಿ ಜಾಮೀನು ಕೊಟ್ಟಿತು. ಕಾರಣ, ವಿಚಾರಣೆಯ ವಿಳಂಬ. 527 ಸಾಕ್ಷಿಗಳಲ್ಲಿ ಅಲ್ಲಿಯವರೆಗೆ ವಿಚಾರಣೆಯಾದದ್ದು 90 ಮಂದಿಯದು. ಮುಗಿಯದ ವಿಚಾರಣೆಗಾಗಿ ಮನುಷ್ಯನನ್ನು ಒಳಗೆ ಇಟ್ಟಿರಬಾರದು ಎಂಬ ತತ್ವ ಸಂವಿಧಾನದ 21ನೇ ವಿಧಿಯದು. ಅದನ್ನು ನಾವು ಒಪ್ಪಲೇಬೇಕು, ನಮ್ಮ ಎದುರಾಳಿಗೆ ಅದು ಸಿಕ್ಕಿತೆಂದು ತತ್ವವನ್ನೇ ಬಿಡಲಾಗದು. ಆದರೆ ವಿಳಂಬ ಯಾರ ಸೃಷ್ಟಿ? ಆರೋಪಿಗೆ ಅದು ಬಿಡುಗಡೆಯ ಕಾರಣವಾದರೆ ಸತ್ತವರ ಕಡೆಯವರಿಗೆ ಅದಕ್ಕೆ ಯಾವ ಪರಿಹಾರ?

ಇನ್ನು ನಟ ದರ್ಶನ್ ಪ್ರಕರಣ. ಚಿತ್ರದುರ್ಗದ ಒಬ್ಬ ಯುವಕನ ಕೊಲೆಯ ಆರೋಪದ ಮೇಲೆ 2024ರ ಜೂನ್‌ನಲ್ಲಿ ಬಂಧನ, ಡಿಸೆಂಬರ್ 13ರಂದು ಹೈಕೋರ್ಟಿನಿಂದ ಜಾಮೀನು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಅವರ ಮತ್ತು ಇತರ ಕೆಲವು ಆರೋಪಿಗಳ ಜಾಮೀನು ರದ್ದು ಮಾಡಿತು. ಆರೋಪಿಯ ಪ್ರಭಾವ ಸಾಕ್ಷಿಗಳ ಮೇಲೆ ಏನು ಮಾಡಬಹುದು ಎಂಬುದನ್ನು ಹೈಕೋರ್ಟು ಸರಿಯಾಗಿ ತೂಗಿಲ್ಲ, ಹೆಸರುವಾಸಿಯಾದವನಿಗೆ ಕಾನೂನಿನಲ್ಲಿ ವಿಶೇಷ ಜಾಗವಿಲ್ಲ ಎಂಬುದು ಆ ತೀರ್ಪಿನ ಸಾರ. ಅಂದರೆ ನಾವು ಇಷ್ಟು ಹೊತ್ತು ಕೇಳುತ್ತಿದ್ದ ಏಳನೆಯ ಅಂಶದ ತೂಕ! ದೊಡ್ಡ ಪರದೆಯ ಮೇಲಿನ ಪ್ರಭಾವ ಕೋರ್ಟಿಗೆ ಕಂಡಿತು. ಒಳ್ಳೆಯದೇ. ಒಂದು ಹಳ್ಳಿಯೊಳಗೆ ನೂರು ಮನೆಯವರ ಅನ್ನ ನೀರು ಹಿಡಿದಿಟ್ಟುಕೊಂಡವನ ಪ್ರಭಾವವೂ ಪ್ರಭಾವವೇ. ಶಹಾಪುರದ ಹೊಲದಲ್ಲಿ ಸತ್ತ ಕೂಲಿಯವನಿಗಾಗಿ ಸರ್ಕಾರ ದಿಲ್ಲಿಯವರೆಗೆ ಹೋಗುವುದು ಯಾವಾಗ?

8

ಹಳ್ಳಿಯ ಮಾಸ್ತರರು, ಕಾನೂನು ಕಾಲೇಜಿನ ಹುಡುಗ ಹುಡುಗಿಯರು, ಸಂಘಟನೆಯ ಗೆಳೆಯರು ಇದನ್ನು ಓದಿ ಸಿಟ್ಟಾದರೆ ಸಾಲದು. ಸಿಟ್ಟನ್ನು ಕಾಗದಕ್ಕೆ ಇಳಿಸಬೇಕು.

ಕೊಲೆಯಾದ ಮನೆಯ ಹೆಸರಿನಲ್ಲಿ, ಜಾಮೀನು ಅರ್ಜಿ ಬಂದರೆ ನಮಗೆ ತಿಳಿಸಿ, ನಮ್ಮ ಮಾತು ಕೇಳಿ ಎಂದು ಕೋರ್ಟಿಗೂ ಸರ್ಕಾರಿ ವಕೀಲರಿಗೂ ಮೊದಲೇ ಬರೆದುಕೊಡಿ. ತಕರಾರು ಬರೆಯುವಾಗ 'ಹೆದರಿಸುತ್ತಾರೆ' ಎಂದಷ್ಟೇ ಬರೆಯಬೇಡಿ. ಸಾಕ್ಷಿ ಯಾರ ಹೊಲದಲ್ಲಿ ದುಡಿಯುತ್ತಾನೆ, ಯಾರ ಸಾಲ ಅವನ ಮೇಲಿದೆ, ಯಾವ ತಾರೀಖಿನಂದು ಯಾರು ಮನೆಗೆ ಬಂದು ಏನು ಅಂದರು ಎಂದು ಬರೆಯಿರಿ. ಮಾಸ್ತರರಿಗೆ ಊರಿನ ಪ್ರತಿ ಮನೆ ಗೊತ್ತು. ಆ ತಿಳುವಳಿಕೆ ಕಡತಕ್ಕೆ ಹೋಗಲಿ. ಜಾಮೀನು ಕೊಡುವುದೇ ಆದರೆ ವಿಚಾರಣೆ ಮುಗಿಯುವ ತನಕ ಆರೋಪಿ ಊರ ಸೀಮೆಯೊಳಗೆ ಕಾಲಿಡಬಾರದೆಂಬ ಷರತ್ತು ಕೇಳಿ. 2018ರಲ್ಲಿ ಸುಪ್ರೀಂ ಕೋರ್ಟು ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಸಾಕ್ಷಿಯ ಹೆಸರಿನಲ್ಲಿ ಅರ್ಜಿ ಹಾಕಿ. ಷರತ್ತು ಮುರಿದರೆ ಜಾಮೀನು ರದ್ದು ಮಾಡಿಸಲು ಕಾನೂನಿದೆ, ತಾರೀಖು ಸಮೇತ ಬರೆದಿಟ್ಟುಕೊಳ್ಳಿ. ಹೈಕೋರ್ಟಿನ ಆದೇಶ ಇಂಗ್ಲಿಷಿನಲ್ಲಿ ಬರುತ್ತದೆ. ಅದನ್ನು ಕನ್ನಡಕ್ಕೆ ತಂದು ಸತ್ತವರ ಮನೆಯಂಗಳದಲ್ಲಿ ಕೂತು ಓದಿ ಹೇಳುವುದು ವಿಮರ್ಶೆಯ ಮೊದಲ ಕೆಲಸ.

ಇನ್ನೂ ಒಂದು ಕೆಲಸ ಉಳಿಯಿತು. ನಮ್ಮಲ್ಲಿ ಪಹಣಿ ಇರುವವರು ಕೆಲವರಾದರೂ ಇದ್ದೇವೆ. ಜಾಮೀನು ಸಿಕ್ಕೂ ಜಾಮೀನುದಾರನಿಲ್ಲದೆ ಜೈಲಿನಲ್ಲಿ ಕೂತ ಕೂಲಿಯವನಿಗೆ ಸಹಿ ಹಾಕಲು ಮುಂದೆ ಬರಬೇಕು. ಸತ್ತವನ ಕೇರಿಯ ಪರ ನಿಂತು, ಜೈಲಿನಲ್ಲಿರುವ ಬಡವನನ್ನು ಮರೆಯುವುದು ಅರ್ಧ ಹೋರಾಟ. ಇಬ್ಬರನ್ನೂ ಹೊರಗೆ ನಿಲ್ಲಿಸಿರುವುದು ಒಂದೇ ಹೊಲದ ಬೇಲಿ.

ಇನ್ನು ಮುಂದೆ ಯಾವುದೇ ಜಾಮೀನು ಆದೇಶ ಕೈಗೆ ಬಂದರೆ ಹೊರಡಿಸಿದವರ ಹೆಸರು ನೋಡಿ ಹೊಗಳುವುದೂ ಬೇಡ, ತೆಗಳುವುದೂ ಬೇಡ. ಬಿಟ್ಟರೋ ಇಲ್ಲವೋ ಎಂಬುದನ್ನು ಆಮೇಲೆ ನೋಡೋಣ. ಓಡಿ ಹೋಗುವ ಭಯಕ್ಕೆ ಎಷ್ಟು ಸಾಲು, ತಿರುಗಿ ಬರುವ ಭಯಕ್ಕೆ ಎಷ್ಟು ಸಾಲು ಎಂದು ಮೊದಲು ಎಣಿಸೋಣ.